ಏಳು ಮನೆ ತಿರುಗಿದ ಮೇಲೆ

ಜನವರಿ ೬

ಸೊಸೆಗೆ,

ಹೇಗಿದ್ದಾಳೆ ಎಂದು ಕೇಳಿದರೆ ನಿನ್ನ ಗಂಡ "ಚೆನ್ನಾಗಿದ್ದಾಳೆ" ಎನ್ನುತ್ತಾನೆ. ಡಾಕ್ಟರು ಏನಂದರು ಎಂದರೆ "ಚೆನ್ನಾಗಿದೆ ಅಂದ್ರು" ಎನ್ನುತ್ತಾನೆ. ಇಡೀ ದಿನ ಬಸ್ಸಿನಲ್ಲಿ ಟಿಕೆಟ್ ಟಿಕೆಟ್ ಎಂದು ಗಂಟಲು ಹರಿದುಕೊಳ್ಳುವ ಕಂಡಕ್ಟರು ಮನೆಗೆ ಬಂದರೆ ಬಾಯಿಗೆ ಬೀಗ. ಫೋನು ಮಾಡೋಣವೆಂದರೆ ನನ್ನ ಕಿವಿಯನ್ನು ಈ ಹಿಟ್ಟಿನ ಗಿರಣಿ ನುಂಗಿ ಎಷ್ಟೋ ಕಾಲವಾಯಿತು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಫೋನಿಗೆ ತುಟಿ ಎಲ್ಲಿದೆ? ಅದಕ್ಕೇ ಈ ಕಾಗದ. ಅವನ ಟಿಕೆಟ್ ಚೀಲದೊಳಗೆ ತುರುಕಿ ಕಳಿಸುತ್ತಿದ್ದೇನೆ. ಅವನ ಬಸ್ಸು ಹೇಗೂ ದಿನಾ ನಿನ್ನ ಆಸ್ಪತ್ರೆಯ ಊರಿಗೇ ಹೋಗಿ ನಿಲ್ಲುತ್ತದಲ್ಲ.

ವಿಷಯ ಇಷ್ಟು. ನೀನು ತಲೆಯ ಮೇಲೆ ಕೂರಿಸಿಕೊಂಡ ಮಹಾರಾಣಿ ನಿನ್ನೆ ಹಡೆದಿದೆ. ಎಲ್ಲಿ ಎಂದು ಕೇಳು. ಕೆಳಗೆ ಗಿರಣಿಯ ತುಂಬ ಗೋಣಿಚೀಲ ಬಿದ್ದಿವೆ. ಅದೆಲ್ಲ ಬಿಟ್ಟು ಮೇಲೆ ಬಂದು, ನನ್ನ ಕಪಾಟಿನ ಬಾಗಿಲು ಸರಿಸಿ, ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಅಂಗಿಗಳ ಮೇಲೆ. ಇಲಿ ಹಿಡಿಯಲಿ ಎಂದು ತಂದ ಬೆಕ್ಕು ಇದು. ಇಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಈಗ ಹಡೆದದ್ದೂ ಇಲಿಯ ಹಾಗೇ ಇವೆ, ನಾಲ್ಕು. ಕಣ್ಣು ಮುಚ್ಚಿಕೊಂಡಿವೆ, ಕಿವಿ ತಲೆಗೆ ಅಂಟಿಕೊಂಡಿವೆ. ಈ ಮನೆಯಲ್ಲಿ ಕಿವುಡರ ಸಂಖ್ಯೆ ಐದಾಯಿತು.

ಎತ್ತಿ ತಂದು ಕೆಳಗೆ ಚೀಲದ ಮೇಲೆ ಇಟ್ಟೆ. ಒಂದೊಂದನ್ನೇ ಕುತ್ತಿಗೆಯಲ್ಲಿ ಕಚ್ಚಿಕೊಂಡು ಮೆಟ್ಟಿಲು ಹತ್ತಿ ಮತ್ತೆ ಕಪಾಟಿಗೇ ಸೇರಿಸಿತು. ಮತ್ತೆ ಇಳಿಸಿದೆ. ಮತ್ತೆ ಹತ್ತಿಸಿತು. ನನಗೆ ಮಂಡಿ ನೋವು, ಅದಕ್ಕೆ ಏನೂ ಇಲ್ಲ. ಸೋತವನು ನಾನೇ. ಏನು ಮಾಡಲಿ, ಬೇಗ ಬರೆ.

ನಿನ್ನ ಮಾವ

*

ಜನವರಿ ೭

ಮಾವನವರಿಗೆ,

ಮುಟ್ಟಬೇಡಿ. ಮೊದಲು ಈ ಒಂದು ಮಾತು ಓದಿ ಮುಗಿಸಿ, ಆಮೇಲೆ ಉಳಿದದ್ದು. ಮುಟ್ಟಬೇಡಿ, ಎತ್ತಬೇಡಿ, ಇಳಿಸಬೇಡಿ. ಅಂಗಿ ಹೋದರೆ ಹೋಗಲಿ. ಅದಕ್ಕೆ ಬೇಕಾದದ್ದು ಬೆಚ್ಚಗಿನ, ಕತ್ತಲೆಯ, ಜನ ಓಡಾಡದ ಜಾಗ. ಮರಿಗಳಿಗೆ ತಮ್ಮ ಮೈಯನ್ನು ತಾವೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಕಾಣುವುದಿಲ್ಲ, ಕೇಳುವುದಿಲ್ಲ, ತಾಯಿಯ ವಾಸನೆ ಮತ್ತು ಶಾಖ ಎರಡೇ ಗೊತ್ತು. ಹಡೆದ ಬೆಕ್ಕನ್ನು ಕೆಣಕಿದರೆ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ನಿಮಗೆ ಗೊತ್ತಿಲ್ಲವೇ?

ಇದನ್ನು ಪೆನ್ಸಿಲಿನಲ್ಲಿ ಬರೆದದ್ದಕ್ಕೆ ಬೇಸರ ಮಾಡಬೇಡಿ. ಮಂಚದ ಕಾಲಿನ ಕಡೆ ಇಟ್ಟಿಗೆ ಇಟ್ಟು ಎತ್ತರಿಸಿದ್ದಾರೆ. ತಲೆ ಕೆಳಗೆ, ಕಾಲು ಮೇಲೆ, ಬಾವಲಿಯ ಹಾಗೆ ಬಿದ್ದಿದ್ದೇನೆ. ಪೆನ್ನು ಆಕಾಶ ನೋಡಿಕೊಂಡು ಬರೆಯುವುದಿಲ್ಲ. ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದಾರೆ. ಏಳುವಂತಿಲ್ಲ, ಕೆಮ್ಮುವಂತಿಲ್ಲ, ನಗುವಂತಿಲ್ಲ. ಐದು ಕಿವುಡರ ಸಾಲು ಓದಿ ನಕ್ಕು ನರ್ಸಮ್ಮನ ಹತ್ತಿರ ಬೈಸಿಕೊಂಡೆ. ಆರು ತಿಂಗಳಿಗೇ ಹೊರಡಲು ಆತುರಪಡುತ್ತಿರುವ ಈ ಮಗುವನ್ನು ಇನ್ನೆರಡು ತಿಂಗಳಾದರೂ ಒಳಗೇ ಹಿಡಿದಿಡಬೇಕಂತೆ.

ಪಕ್ಕದ ಹಾಸಿಗೆಯಲ್ಲಿ ಒಬ್ಬ ಟೈಲರಮ್ಮ ಇದ್ದಾರೆ. ಅವರೂ ನನ್ನ ಹಾಗೇ ತಲೆಕೆಳಗು. "ಬೆಕ್ಕು ಮತ್ತೆ ಏನ್ ಮಾಡ್ತು ಅಂತ ಬರೀಲಿಕ್ಕೆ ಹೇಳಿ ನಿಮ್ಮ ಮಾವಂಗೆ" ಎನ್ನುತ್ತಿದ್ದಾರೆ. ನಮಗೆ ಇಲ್ಲಿ ನೋಡಲು ಇರುವುದು ಚಾವಣಿ ಒಂದೇ.

ನಿಮ್ಮ ಸೊಸೆ

*

ಜನವರಿ ೧೦

ಸೊಸೆಗೆ,

ಮುಟ್ಟಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಮುಟ್ಟಲಿಲ್ಲ. ಆದರೂ ನಿನ್ನ ಮಹಾರಾಣಿ ಮನೆ ತಿರುಗಿಸಲು ಶುರುಮಾಡಿದೆ. ಕಪಾಟು ಒಂದನೆಯ ಮನೆ. ನನ್ನ ಮಂಚದ ಕೆಳಗೆ ಎರಡನೆಯದು. ಮೂರನೆಯದು ನಿನ್ನ ಗಂಡನ ಬೂಟಿನ ಗೂಡು. ಅಲ್ಲಿಯ ವಾಸನೆಗೆ ಅದೇ ತಾಳಲಾರದೆ ಹೊರಟಿತು. ನಾಲ್ಕನೆಯದು ಎಲ್ಲಿ ಗೊತ್ತೇ? ಗಿರಣಿಯ ಬಾಯಿ. ಕಾಳು ಸುರಿಯುವ ದೊಡ್ಡ ತಗಡಿನ ಬಾಯಿ ಇದೆಯಲ್ಲ, ಅದರೊಳಗೆ. ಬೆಳಿಗ್ಗೆ ಸ್ವಿಚ್ಚಿಗೆ ಕೈ ಹಾಕುವ ಮುಂಚೆ ಅಭ್ಯಾಸಬಲದಿಂದ ಒಳಗೆ ಇಣುಕಿದೆ. ನಾಲ್ಕು ಗುಲಾಬಿ ಮೂತಿ.

ಗಿರಣಿ ನಿಲ್ಲಿಸಿದೆ. ಗೋಧಿ ಹೊತ್ತು ಬಂದವರು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಬೇಕರಿಯವನು ಮುಖದ ಮುಂದೆ ಬಂದು ಕೂಗಿದ.

"ಏನ್ ಯಜಮಾನ್ರೇ, ಬೆಕ್ಕಿಗೋಸ್ಕರ ಗಿರಣಿ ನಿಲ್ಸೋದಾ?"

"ನಿನ್ನ ಬ್ರೆಡ್ಡಲ್ಲಿ ಬಾಲ ಸಿಕ್ರೆ ಪರವಾಗಿಲ್ವಾ?" ಎಂದೆ.

ಸಂಜೆಯ ಹೊತ್ತಿಗೆ ಅದಕ್ಕೇ ಬೇಜಾರಾಗಿ ಐದನೆಯ ಮನೆಗೆ ಹೋಯಿತು. ಎಣ್ಣೆ ಡಬ್ಬಗಳ ಹಿಂದೆ. ಒಂದು ದಿನದ ಸಂಪಾದನೆಗೆ ಕಲ್ಲು ಬಿತ್ತು. ನಾಲ್ಕರಲ್ಲಿ ಒಂದು ತೀರ ಸಣ್ಣದು, ಉಳಿದವು ಅದನ್ನು ತುಳಿದುಕೊಂಡೇ ಹಾಲಿಗೆ ಹೋಗುತ್ತವೆ. ನಿನ್ನ ಗಂಡ ಅದನ್ನು ನೋಡಿ "ಚಿಲ್ಲರೆ" ಎಂದ. ಈ ವಾರ ಅವನು ಆಡಿದ ಮಾತು ಅದೊಂದೇ. ಅದೇ ಹೆಸರಾಗಿ ಉಳಿಯಿತು.

ನಿನ್ನ ಮಾವ

*

ಜನವರಿ ೧೪

ಸೊಸೆಗೆ,

ಇಲ್ಲಿ ಎಲ್ಲ ಚೆನ್ನಾಗಿದೆ. ಮಹಾರಾಣಿ ಚೆನ್ನಾಗಿದೆ. ಮರಿಗಳೂ ಚೆನ್ನಾಗಿವೆ. ನೀನು ಯಾವ ಚಿಂತೆಯೂ ಮಾಡಬೇಡ.

ಒಂದು ವಿಷಯ, ನಮ್ಮದಲ್ಲ. ಪಕ್ಕದ ಕ್ಷೌರದಂಗಡಿಯವನ ಮನೆಯಲ್ಲಿ ತಾಯಿ ಇಲ್ಲದ ಬೆಕ್ಕಿನ ಮರಿಗಳಿವೆಯಂತೆ. ಹಸುವಿನ ಹಾಲು ಕುಡಿಸಿದರೆ ಭೇದಿಯಾಗುತ್ತದಂತೆ. ಕೂಸಿನ ಹಾಗೆ ಬೆನ್ನ ಮೇಲೆ ಮಲಗಿಸಿ ಕುಡಿಸಿದರೆ ಹಾಲು ಮೂಗಿನಲ್ಲಿ ಬರುತ್ತದಂತೆ. ಹೊಟ್ಟೆ ಉಬ್ಬಿ ಕಲ್ಲಾಗಿದೆ, ಆದರೆ ಉಚ್ಚೆ ಹೊಯ್ಯುವುದಿಲ್ಲವಂತೆ. ಒಂದು ಮರಿಯ ಮೈ ಆಗಾಗ ತಣ್ಣಗಾಗುತ್ತದಂತೆ. ಪಾಪ, ಅವನು ಗೋಗರೆಯುತ್ತಿದ್ದಾನೆ. ಬಸ್ಸು ತಿರುಗಿ ಹೊರಡುವುದರೊಳಗೆ ಉತ್ತರ ಬರೆದು ನಿನ್ನ ಗಂಡನ ಕೈಗೆ ಕೊಡು. ಅವನಿಗೆ ಬಾಯಲ್ಲಿ ಹೇಳಬೇಡ, ದಾರಿಯಲ್ಲಿ ನುಂಗಿಬಿಡುತ್ತಾನೆ.

ನಿನ್ನ ಮಾವ

*

ಜನವರಿ ೧೪, ಸಂಜೆ

ಮಾವನವರಿಗೆ,

ತಣ್ಣಗಾದ ಮರಿಗೆ ಹಾಲು ಹಾಕಲೇಬಾರದು. ಮೊದಲು ಬೆಚ್ಚಗಾಗಿಸಬೇಕು. ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬೇಡವೆನಿಸಿದರೆ ಸರಿದುಕೊಳ್ಳಲು ಜಾಗ ಬಿಡಿ. ಅಷ್ಟು ಹೊತ್ತು ತಡೆಯದಿದ್ದರೆ ಅಂಗಿಯ ಒಳಗೆ ಎದೆಗೆ ಅವಚಿಕೊಳ್ಳಿ. ಬೆನ್ನ ಮೇಲೆ ಮಲಗಿಸಿ ಕುಡಿಸುವುದು ಕೊಲೆ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ತಾಯಿಯ ಮೊಲೆಗೆ ಬಾಯಿ ಹಾಕಿದಾಗ ಹೇಗಿರುತ್ತವೋ ಹಾಗೇ, ಹೊಟ್ಟೆಯ ಮೇಲೆ ಮಲಗಿಸಿ ಹನಿ ಹನಿಯಾಗಿ ಹಾಕಿ. ಹಸುವಿನ ಹಾಲು ಬೇಡ. ಬೆಕ್ಕಿನ ಮರಿಗಳಿಗೆಂದೇ ಪುಡಿ ಬರುತ್ತದೆ, ನಮ್ಮ ಔಷಧಿ ಅಂಗಡಿಯಲ್ಲಿ ನನ್ನ ಹೆಸರು ಹೇಳಿ ತರಿಸಿ. ಅಲ್ಲಿಯವರೆಗೆ ಆಡಿನ ಹಾಲು. ಉಚ್ಚೆ ತಾನಾಗಿ ಬರುವುದಿಲ್ಲ, ತಾಯಿ ನೆಕ್ಕಿ ಬರಿಸುತ್ತದೆ. ಹತ್ತಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಾಲು ಕುಡಿಸಿದ ಪ್ರತಿಸಲವೂ ಮೆಲ್ಲಗೆ ಒರೆಸಬೇಕು. ಎರಡು ಮೂರು ಗಂಟೆಗೊಮ್ಮೆ ಇದಿಷ್ಟೂ ಆಗಬೇಕು, ರಾತ್ರಿಯೂ.

ಇನ್ನು, ಕ್ಷೌರದಂಗಡಿಯವರಿಗೆ ಬೆಕ್ಕಿನ ಕೂದಲು ತಾಗಿದರೆ ಸೀನು ನಿಲ್ಲುವುದಿಲ್ಲ. ಅದಕ್ಕೆ ಅವರಿಗೆ ಮಾತ್ರೆ ಕೊಡುವವಳು ನಾನೇ. ಅವರ ಮನೆಗೆ ಬೆಕ್ಕು ಕಾಲಿಡುವುದಿಲ್ಲ.

ಮಹಾರಾಣಿ ಎಲ್ಲಿ ಮಾವ?

*

ಜನವರಿ ೧೬

ಸೊಸೆಗೆ,

ಸತ್ತುಹೋಯಿತು.

ಆರನೆಯ ಮನೆ ಹೊರಗಿನ ನೀರಿನ ತೊಟ್ಟಿಯ ಹಿಂದೆ ಇತ್ತು. ಏಳನೆಯದು ರಸ್ತೆಯ ಆಚೆಯ ಮುಚ್ಚಿದ ಅಂಗಡಿಯಲ್ಲಿ ಎಂದು ಅದರ ಲೆಕ್ಕ. ಮೊದಲ ಮರಿಯನ್ನೇ ಕಚ್ಚಿಕೊಂಡು ದಾಟುತ್ತಿತ್ತು, ಹಾಲಿನ ವ್ಯಾನು ಬಂತು. ಬಾಯಲ್ಲಿದ್ದದ್ದು ಚಿಲ್ಲರೆ. ಅದು ಮೋರಿಯ ಅಂಚಿಗೆ ಉರುಳಿ ಬದುಕಿಕೊಂಡಿತು. ಹಾರ್ನು ಹೊಡೆದನಂತೆ. ನಾನು ಬಾಗಿಲಲ್ಲೇ ನಿಂತಿದ್ದೆ. ಬೇರೆ ಯಾರಾದರೂ ಆಗಿದ್ದರೆ ಸದ್ದಿಗೆ ತಿರುಗಿ ನೋಡುತ್ತಿದ್ದರು.

ನಿನಗೆ ಹೇಳಬಾರದು ಎಂದು ತೀರ್ಮಾನಿಸಿದೆವು. ನಾನು ಹೇಳಿದೆ, ನಿನ್ನ ಗಂಡ ತಲೆಯಾಡಿಸಿದ. ತಲೆಕೆಳಗಾಗಿ ಮಲಗಿ ಮಗುವನ್ನು ಹಿಡಿದುಕೊಂಡವಳಿಗೆ ಇಂಥದ್ದನ್ನು ಯಾರು ಬರೆಯುತ್ತಾರೆ? ಆ ಕ್ಷೌರಿಕ ಸೀನುತ್ತಾನೆ ಎಂದು ನನಗೇನು ಗೊತ್ತು! ನನಗೆ ಸೀನೂ ಕೇಳಿಸುವುದಿಲ್ಲ.

ನೀನು ಬರೆದ ಹಾಗೇ ಮಾಡುತ್ತಿದ್ದೇನೆ. ಪುಡಿ ಸಿಕ್ಕಿತು. ಉಳಿದ ಮೂರಕ್ಕೆ ಬಣ್ಣ ನೋಡಿ ಕರಿಯ, ಪಟ್ಟೆ, ಬೂದಿ ಎಂದು ಹೆಸರಿಟ್ಟೆ. ಹನಿ ಹಾಕುವ ಫಿಲ್ಲರಿನಲ್ಲಿ ಕುಡಿಸಿದರೆ ಕರಿಯ ಫಿಲ್ಲರನ್ನೇ ನುಂಗಲು ನೋಡುತ್ತದೆ, ಪಟ್ಟೆ ಕುಡಿದದ್ದಕ್ಕಿಂತ ಮೈಗೆ ಬಳಿದುಕೊಂಡದ್ದು ಹೆಚ್ಚು, ಬೂದಿ ಕುಡಿಯುತ್ತಲೇ ನಿದ್ದೆ ಹೋಗುತ್ತದೆ. ಮೂರೂ ಮುಗಿಸಿ ಚಿಲ್ಲರೆಯ ಹತ್ತಿರ ಬರುವಷ್ಟರಲ್ಲಿ ಕರಿಯನಿಗೆ ಮತ್ತೆ ಹಸಿವು. ಆಮೇಲೆ ಹತ್ತಿ. ಐವತ್ತು ವರ್ಷ ಗಿರಣಿ ನಡೆಸಿದ ಕೈ ಈಗ ಬೆಕ್ಕಿನ ಮರಿಗಳ ಅಂಡು ಒರೆಸುತ್ತಿದೆ. ಹಿಟ್ಟು ಬೀಸಿಸಲು ಬಂದವರು ಕಿಸಕ್ಕೆನ್ನುತ್ತಾರೆ. ಕೇಳಿಸುವುದಿಲ್ಲ, ಆದರೆ ಹೊಟ್ಟೆ ಕುಣಿಯುವುದು ಕಾಣುತ್ತದಲ್ಲ.

ನಿನ್ನ ಮಾವ

*

ಜನವರಿ ೧೮

ಮಾವನವರಿಗೆ,

ನಿಮ್ಮ ಮೇಲೆ ನನಗೆ ಬಂದ ಸಿಟ್ಟನ್ನು ಪೆನ್ಸಿಲಿನಲ್ಲಿ ಬರೆಯಲು ಆಗುವುದಿಲ್ಲ. ಎರಡು ದಿನ ಬರೆದು ಬರೆದು ಹರಿದೆ.

ಮಹಾರಾಣಿ ಸತ್ತದ್ದಕ್ಕೆ ಅಲ್ಲ. ಅದಕ್ಕೆ ನಾನೂ ಅತ್ತೆ, ಟೈಲರಮ್ಮನೂ ಅತ್ತರು, ನರ್ಸಮ್ಮ ನಮ್ಮಿಬ್ಬರಿಗೂ ಬೈದು ತಾನೂ ಮೂಗು ಒರೆಸಿಕೊಂಡರು. ಅಳು ಬಂದರೆ ಅತ್ತು ಮುಗಿಸಬಹುದು. "ಎಲ್ಲ ಚೆನ್ನಾಗಿದೆ" ಎಂದು ನೀವು ಬರೆದಿರಲ್ಲ, ಅದಕ್ಕೆ ಏನು ಮಾಡಲಿ?

ಎರಡು ವರ್ಷದ ಹಿಂದೆಯೂ ಹೀಗೇ ಮಲಗಿದ್ದೆ. ಹೆರಿಗೆಯಾಗಿ ಮೂರು ದಿನ ನೀವೆಲ್ಲರೂ ಸೇರಿ ನನಗೆ "ಮಗು ಚೆನ್ನಾಗಿದೆ, ಬೇರೆ ಕೋಣೆಯಲ್ಲಿ ಮೆಷಿನ್ನಿನಲ್ಲಿ ಇಟ್ಟಿದ್ದಾರೆ" ಎಂದಿರಿ. ನಾನು ಹಾಲು ಹಿಂಡಿ ಹಿಂಡಿ ಕೊಟ್ಟೆ. ನೀವು ಆ ಲೋಟವನ್ನು ತೆಗೆದುಕೊಂಡು ಹೋಗುತ್ತಿದ್ದಿರಿ. ಎಲ್ಲಿ ಚೆಲ್ಲಿದಿರೋ ನಾನು ಇವತ್ತಿನವರೆಗೆ ಕೇಳಿಲ್ಲ. ಹೇಳುವ ಹೊತ್ತಿಗೆ ಮಣ್ಣೂ ಆಗಿತ್ತು. ನನ್ನ ಮಗಳ ಮುಖ ನಾನು ನೋಡಲಿಲ್ಲ. ಹೇಗಿದ್ದಳು ಎಂದು ನಿಮ್ಮ ಮಗನನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತಾರೆ. ನನ್ನ ಒಳ್ಳೆಯದಕ್ಕೇ ಮಾಡಿದಿರಿ, ಗೊತ್ತು. ಆ ಒಳ್ಳೆಯತನ ನನಗೆ ಸಾಕಾಗಿದೆ ಮಾವ.

ಇನ್ನು ಮೇಲೆ ನಿಜ ಬರೆಯಿರಿ. ಮರಿಗೆ ಭೇದಿಯಾದರೆ ಭೇದಿ ಎನ್ನಿ, ಸತ್ತರೆ ಸತ್ತಿತು ಎನ್ನಿ. ಆಗುವುದಿಲ್ಲ ಎಂದರೆ ಬರೆಯಲೇಬೇಡಿ.

ಹಾಲು ಕುಡಿಸಿದ ಮೇಲೆ ಬೆನ್ನು ಸವರಿ ತೇಗಿಸುವುದನ್ನು ಮರೆಯಬೇಡಿ.

ನಿಮ್ಮ ಸೊಸೆ

*

ಜನವರಿ ೨೩

ಸೊಸೆಗೆ,

ನಿಜ ಬರೆಯುತ್ತೇನೆ. ತಗೋ.

ಬೂದಿಗೆ ಭೇದಿ. ಪುಡಿ ಹೆಚ್ಚು ಕಲಸಿದ್ದೆ, ನನ್ನದೇ ತಪ್ಪು, ತೆಳ್ಳಗೆ ಮಾಡಿದ ಮೇಲೆ ನಿಂತಿತು. ಪಟ್ಟೆಯ ಒಂದು ಕಣ್ಣು ಅಂಟಿಕೊಂಡಿತ್ತು. ಕೀವು. ನೀನು ಕೆಲಸ ಮಾಡುವ ಔಷಧಿ ಅಂಗಡಿಯ ಹುಡುಗಿಯನ್ನು ಕೇಳಿ ಬಿಸಿನೀರ ಹತ್ತಿಯಲ್ಲಿ ಒರೆಸುತ್ತ ಬಂದೆ, ನಿನ್ನೆ ಬಿಟ್ಟಿತು. ನಾಲ್ಕಕ್ಕೂ ಈಗ ಕಣ್ಣಿದೆ. ಎಲ್ಲದರದ್ದೂ ನೀಲಿ. ನನ್ನನ್ನು ನೋಡಿದವು. ಹುಟ್ಟಿದ ಮೇಲೆ ಮೊದಲು ಕಂಡ ಮುಖ ಇಂಥದ್ದಾಯಿತಲ್ಲ ಎಂದು ಅವಕ್ಕೆ ಬೇಸರವಾದ ಹಾಗೆ ಕಂಡಿತು. ಕಿವಿಯೂ ತಲೆಯಿಂದ ಬಿಡಿಸಿಕೊಳ್ಳುತ್ತಿವೆ. ನಾನು ಡಬ್ಬ ಬೀಳಿಸಿದರೆ ಬೆಚ್ಚುತ್ತವೆ. ಮನೆಯಲ್ಲಿ ಮತ್ತೆ ಕಿವುಡ ನಾನೊಬ್ಬನೇ.

ಚಿಲ್ಲರೆ ಬೆಳೆಯುತ್ತಿಲ್ಲ. ಕಾಳು ತೂಗುವ ತಕ್ಕಡಿಯಲ್ಲಿ ದಿನಾ ಇಡುತ್ತೇನೆ. ಉಳಿದವು ಏರುತ್ತವೆ, ಇದು ಅಲ್ಲೇ ನಿಂತಿದೆ. ಅಂಗಿಯೊಳಗೆ ಹಾಕಿಕೊಂಡೇ ಗಿರಣಿ ಓಡಿಸುತ್ತೇನೆ. ನಿನ್ನೆ ಅಲ್ಲೇ ಅದು ನಡುಗತೊಡಗಿತು. ಚಳಿಯೋ ಸಾವೋ ಎಂದು ಗಾಬರಿಯಾಗಿ ತೆಗೆದು ಎದುರಿಗಿದ್ದ ಬೇಕರಿಯವನಿಗೆ ತೋರಿಸಿದೆ. ಅವನು ಹಲ್ಲು ಕಿಸಿದ. "ಗುರ್ ಗುರ್ ಅಂತಿದೆ ಯಜಮಾನ್ರೇ, ಖುಷೀಲಿ!" ಎಂದ. ಕೈಯಲ್ಲಿ ಸಣ್ಣ ಗಿರಣಿ ಓಡಿದ ಹಾಗಿತ್ತು.

ನೀನು ನನ್ನಿಂದ ನಿಜ ಕೇಳಿದ್ದೀಯ. ಸರಿ. ಆದರೆ ನೀನು ಬರೆಯುವುದೇನು? ಬಾವಲಿ, ಟೈಲರಮ್ಮ, ನರ್ಸಮ್ಮ. ಡಾಕ್ಟರು ನಿಜವಾಗಿ ಏನು ಹೇಳಿದ್ದಾರೆ? ನಿನ್ನ ಗಂಡ ಬರುವಾಗ ಅವನ ಮುಖ ನೋಡುತ್ತೇನಲ್ಲ, ನನಗೆ ಕಿವಿ ಮಾತ್ರ ಇಲ್ಲದ್ದು.

ನಿನ್ನ ಮಾವ

*

ಜನವರಿ ೨೫

ಮಾವನವರಿಗೆ,

ಸಿಕ್ಕಿಬಿದ್ದೆ.

ಎರಡು ಸಲ ರಕ್ತ ಹೋಗಿದೆ. ಹೊಲಿಗೆ ಎಷ್ಟು ದಿನ ತಡೆಯುತ್ತದೋ ಹೇಳಲಾಗುವುದಿಲ್ಲ ಎಂದಿದ್ದಾರೆ. ಇವತ್ತು ಹುಟ್ಟಿದರೆ ಉಳಿಯುವುದೂ ಉಂಟು, ಉಳಿಯದಿರುವುದೂ ಉಂಟು. ಒಳಗೆ ಕಳೆಯುವ ಒಂದೊಂದು ದಿನವೂ ಲಾಭವಂತೆ. ಡಾಕ್ಟರಮ್ಮ ಬರುವಾಗಲೆಲ್ಲ "ಇವತ್ತೂ ಇದ್ದೀರಾ? ಭೇಷ್!" ಎನ್ನುತ್ತಾರೆ, ನಾನೇನೋ ಬಸ್ಸು ತಪ್ಪಿಸಿಕೊಂಡು ಉಳಿದವಳ ಹಾಗೆ. ಟೈಲರಮ್ಮನ ಮಗು ಮೊನ್ನೆ ಬಂತು, ಉಳಿಯಲಿಲ್ಲ. ಹಾಸಿಗೆ ಖಾಲಿಯಿದೆ. ಹೋಗುವಾಗ "ಚಿಲ್ಲರೆ ಏನಾಯ್ತು ಅಂತ ಒಂದು ಮಾತು ತಿಳಿಸಿ" ಎಂದು ವಿಳಾಸ ಬರೆದುಕೊಟ್ಟು ಹೋದರು.

ನನಗೆ ಹೆದರಿಕೆಯಾಗಿದೆ. ಇದನ್ನು ನಿಮ್ಮ ಮಗನಿಗೆ ಹೇಳಿದರೆ "ಏನೂ ಆಗಲ್ಲ ಬಿಡು" ಎನ್ನುತ್ತಾರೆ. ಆ ಮಾತಿಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ, ಆದರೆ ಚಚ್ಚಿಕೊಳ್ಳಲೂ ಅನುಮತಿ ಇಲ್ಲ. ಅದಕ್ಕೆ ನಿಮಗೆ ಹೇಳಿದೆ. ನೀವು ಸಮಾಧಾನ ಮಾಡಬೇಡಿ.

ನಿಮ್ಮ ಸೊಸೆ

*

ಜನವರಿ ೨೯

ಸೊಸೆಗೆ,

ಸಮಾಧಾನ ಮಾಡುವುದಿಲ್ಲ.

ಚಿಲ್ಲರೆ ಸತ್ತಿತು. ನಿನ್ನೆ ಬೆಳಿಗ್ಗೆ ಹಾಲು ಬೇಡವೆಂದಿತು. ಬಾಟಲಿ ಇಟ್ಟೆ, ಅಂಗಿಯೊಳಗೆ ಹಾಕಿಕೊಂಡೆ, ಪ್ರಾಣಿ ಡಾಕ್ಟರಿಗೆ ತೋರಿಸಿ ಬಂದೆ. "ಕೆಲವು ಹೀಗೇ, ಹುಟ್ಟಿನಿಂದ್ಲೇ ಒಳಗೆ ಏನೋ ಕಡಿಮೆ ಇರುತ್ತೆ. ನೀವು ಮಾಡೋದೆಲ್ಲ ಮಾಡಿದೀರಿ" ಎಂದರು. ಮಾಡಿದ್ದೇನೆ ಎಂದು ನನಗೂ ಗೊತ್ತು, ಅದನ್ನು ಕೇಳಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಮಧ್ಯಾಹ್ನ ಎದೆಯ ಮೇಲೇ ಹೋಯಿತು. ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಲಿಲ್ಲ ಎಂದರೆ ಸುಳ್ಳು. ಆದರೆ ಬರೆದಿದ್ದೇನೆ.

ಇನ್ನೊಂದು ವಿಷಯ. ಸಂಜೆ ನಿನ್ನ ಗಂಡ ಬಂದ. ಹೇಳಿದೆ. ಚೀಲ ಅಲ್ಲೇ ಇಳಿಸಿ ಹಿತ್ತಿಲಿಗೆ ಹೋಗಿ ತಾನೇ ಗುಂಡಿ ತೋಡಿದ. ಇಷ್ಟೇ ಇಷ್ಟು ಮರಿಗೆ ಮೊಣಕಾಲುದ್ದ ತೋಡಿದ. ಸಾಕು ಎಂದೆ, ನಿಲ್ಲಿಸಲಿಲ್ಲ. ಅವನ ಬೆನ್ನು ನನ್ನ ಕಡೆಗಿತ್ತು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಭುಜ ಅಲುಗುತ್ತಿದೆ, ದವಡೆ ಆಡುತ್ತಿದೆ. ಮಾತಾಡುತ್ತಿದ್ದ. ಎಷ್ಟೋ ಹೊತ್ತು ಮಾತಾಡಿದ. ಹುಟ್ಟಿದಾಗಿನಿಂದ ಅವನು ಒಂದೇ ಸಮನೆ ಅಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ. ಅದರಲ್ಲಿ ಒಂದಕ್ಷರ ನನಗೆ ಸಿಕ್ಕಲಿಲ್ಲ. ಈ ಕಡೆ ತಿರುಗಿ ಹೇಳು ಎನ್ನಬೇಕಿತ್ತು. ಮುಗಿಸಿ, ಕೈ ತೊಳೆದು, ಊಟಕ್ಕೆ ಕುಳಿತ. "ಏನಂದೆ?" ಎಂದೆ. "ಏನಿಲ್ಲ" ಎಂದ.

ನಿನಗೆ ಕಿವಿ ಇದೆ. ನೀನು ಕೇಳು.

ನಿನ್ನ ಮಾವ

*

ಫೆಬ್ರವರಿ ೮

ಸೊಸೆಗೆ,

ಮಗು ಹುಟ್ಟಿದೆ ಎಂದು ನಿನ್ನ ಗಂಡ ಹೇಳಿ ಎರಡು ದಿನವಾಯಿತು. ಗಂಡು ಎಂದ. ಹೇಗಿದೆ ಎಂದೆ. "ಚೆನ್ನಾಗಿದೆ" ಎಂದ. ನಾನು ಕೈಯಲ್ಲಿದ್ದ ಜರಡಿ ಎಸೆದೆ. ಎಷ್ಟು ತೂಕ, ಉಸಿರಾಡುತ್ತದೆಯೇ, ಅತ್ತಿತೇ, ನೀನು ಹೇಗಿದ್ದೀಯ ಎಂದು ಕೇಳಿದ್ದಕ್ಕೆಲ್ಲ ಅದೇ ಉತ್ತರ. ಆ ಮಾತು ಕೇಳಿದರೆ ಮೈಯೆಲ್ಲ ಹೇಗೆ ಉರಿಯುತ್ತದೆ ಎಂದು ನೀನು ಬರೆದಿದ್ದೆ. ಈಗ ಗೊತ್ತಾಯಿತು.

ಬಂದು ನೋಡೋಣವೆಂದರೆ ಈ ಮೂರು ಪಿಶಾಚಿಗಳನ್ನು ಯಾರ ಕೈಗೆ ಕೊಡಲಿ? ಒಂದು ದಿನಕ್ಕೆಂದು ಬೇಕರಿಯವನನ್ನು ಕೇಳಿದೆ, ಹತ್ತಿಯ ವಿಷಯ ಹೇಳುತ್ತಲೇ ಓಡಿಹೋದ. ನಿನಗೆ ಬರೆಯಲು ಶಕ್ತಿ ಇರಲಾರದು. ಆದರೂ ಬರೆ. ಒಂದು ಸಾಲು ಸಾಕು. ನಿಜದ್ದು.

ನಿನ್ನ ಮಾವ

*

ಫೆಬ್ರವರಿ ೧೨

ಮಾವನವರಿಗೆ,

ಈಗ ಕುಳಿತು, ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ತಡವಾಯಿತು, ಬೈಯಬೇಡಿ.

ತೂಕ ಒಂದೂವರೆ ಕಿಲೋಗಿಂತಲೂ ಕಡಿಮೆ. ಹುಟ್ಟಿದಾಗ ಅಳಲಿಲ್ಲ, ಮೂಗಿಗೆ ಗಾಳಿಯ ನಳಿಗೆ ಹಾಕಿದರು. ಈಗ ಅದನ್ನು ತೆಗೆದಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿಸಿದ್ದಾರೆ. ಚೀಪಲು ಬರುವುದಿಲ್ಲ, ಸಣ್ಣ ಕೊಳವೆಯಲ್ಲಿ ನನ್ನ ಹಾಲು ಹನಿಸುತ್ತಾರೆ. ಕಾಮಾಲೆ ಬಂತೆಂದು ನೀಲಿ ದೀಪದ ಕೆಳಗೆ ಇಟ್ಟಿದ್ದರು, ಇಳಿದಿದೆ. ಆಗಾಗ ಉಸಿರಾಡುವುದನ್ನು ಮರೆಯುತ್ತಾನೆ. ಆಗ ಮೆಷಿನ್ನಿನ ಗಂಟೆ ಬಾರಿಸುತ್ತದೆ, ನರ್ಸಮ್ಮ ಬಂದು ಅಂಗಾಲಿಗೆ ಒಂದು ಬೆರಳು ತಟ್ಟುತ್ತಾರೆ, ನೆನಪಾಗುತ್ತದೆ. ಅದು ಬಾರಿಸಿದಾಗಲೆಲ್ಲ ನನ್ನ ಜೀವ ಹೋಗಿ ಬರುತ್ತದೆ. ಮೈಮೇಲೆಲ್ಲ ನವಿರು ರೋಮ, ಮುಖ ಮುದುಕರ ಹಾಗೆ ಸುಕ್ಕು. ಬೈಯುವವರ ಹಾಗೆ ಹುಬ್ಬು ಗಂಟಿಕ್ಕಿಕೊಂಡೇ ಮಲಗುತ್ತಾನೆ. ಯಾರನ್ನು ಹೋಲುತ್ತಾನೆ ಎಂದು ನಾನು ಬರೆಯುವುದಿಲ್ಲ.

ಡಾಕ್ಟರಮ್ಮ ಆಸೆ ಇಟ್ಟುಕೊಳ್ಳಬಹುದು ಎಂದಿದ್ದಾರೆ. ಇನ್ನೂ ಮುಗಿದಿಲ್ಲ ಎಂದೂ ಹೇಳಿದ್ದಾರೆ. ಎರಡನ್ನೂ ಬರೆದಿದ್ದೇನೆ.

ನಿಮ್ಮ ಮಗನನ್ನು ಕೇಳಿದೆ, ಹಿತ್ತಿಲಲ್ಲಿ ಏನು ಹೇಳಿದಿರಿ ಎಂದು. "ಏನಿಲ್ಲ, ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದರು. ಆ ಬಸ್ಸಿನ ಟೈರಿನ ಗಾಳಿ ಹೋಗಲಿ.

ನಿಮ್ಮ ಸೊಸೆ

*

ಫೆಬ್ರವರಿ ೧೯

ಸೊಸೆಗೆ,

ನಿನ್ನ ಕಾಗದವನ್ನು ದಿನಾ ಒಮ್ಮೆ ಓದುತ್ತೇನೆ. ಕಾಮಾಲೆ ಪೂರ್ತಿ ಹೋಯಿತೇ? ಗಂಟೆ ಎಷ್ಟು ಸಲ ಬಾರಿಸುತ್ತಿದೆ? ಕಡಿಮೆಯಾಗಿರಬೇಕಲ್ಲ. ಬರೆ.

ಇಲ್ಲಿಯ ನಿಜ ಹೀಗಿದೆ. ಮೂರಕ್ಕೂ ಸೂಜಿಯಂಥ ಹಲ್ಲು ಬಂದಿವೆ, ಮೂರು ಫಿಲ್ಲರು ಕಚ್ಚಿ ಹಾಳು ಮಾಡಿವೆ. ತಟ್ಟೆಯಲ್ಲಿ ನೆನೆಸಿದ ಆಹಾರ ಇಟ್ಟರೆ ಅದರೊಳಗೇ ನಡೆದು, ಆ ಕಾಲಲ್ಲಿ ಹಿಟ್ಟಿನ ಮೇಲೆ ನಡೆದು, ಆಮೇಲೆ ನನ್ನ ಹಾಸಿಗೆಗೆ ಬರುತ್ತವೆ. ಮರಳಿನ ತಟ್ಟೆ ಇಟ್ಟಿದ್ದೇನೆ. ಕರಿಯ ಒಂದೇ ದಿನದಲ್ಲಿ ಕಲಿತ. ಪಟ್ಟೆ ಕಲಿತಳು. ಬೂದಿ ಮರಳಿನಲ್ಲಿ ಆಟವಾಡಿ, ಕೆಲಸಕ್ಕೆ ಮಾತ್ರ ನನ್ನ ಚಪ್ಪಲಿಗೆ ಬರುತ್ತದೆ. ಬೇಕರಿಯವನು ಈಗ "ಒಂದು ಮರಿ ಕೊಡಿ" ಎನ್ನುತ್ತಿದ್ದಾನೆ. ಅಂಡು ಒರೆಸುವಾಗ ಓಡಿಹೋದವನಿಗೆ ಈಗ ಮರಿ ಬೇಕಂತೆ! ತಾಯಿ ಇಲ್ಲದ್ದಕ್ಕೆ ಒಡಹುಟ್ಟಿದವೇ ಕಚ್ಚಿ ಪರಚಿ ಬುದ್ಧಿ ಕಲಿಸಬೇಕು, ಇನ್ನೂ ಮೂರು ವಾರ ಬಿಟ್ಟು ಬಾ ಎಂದು ಅಟ್ಟಿದೆ.

ನಿನ್ನ ಗಂಡನ ವಿಷಯ. ಅವನ ಎದುರು ಕುಳಿತು ಹೇಳಿದೆ. "ನನಗೆ ಹೇಳಬೇಡ, ನನಗೆ ಬೇಡ. ಅವಳಿಗೆ ಹೇಳು" ಎಂದೆ. ತುತ್ತು ಕೈಯಲ್ಲೇ ಇತ್ತು. ತಲೆಯೆತ್ತಲಿಲ್ಲ. ತಲೆಯೆತ್ತದಿದ್ದರೆ ನನಗೆ ತುಟಿ ಕಾಣುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು. ಕತ್ತೆ.

ನಿನ್ನ ಮಾವ

*

ಮಾರ್ಚ್ ೧

ಮಾವನವರಿಗೆ,

ನಿಮ್ಮ ಮೊಮ್ಮಗ ಎರಡು ಕಿಲೋ ಮುಟ್ಟುತ್ತಿದ್ದಾನೆ. ಕೊಳವೆ ತೆಗೆದಿದ್ದಾರೆ, ಚೀಪುತ್ತಾನೆ. ಗಂಟೆ ಬಾರಿಸಿ ಆರು ದಿನವಾಯಿತು. ಇನ್ನೊಂದು ವಾರ ಹೀಗೇ ಇದ್ದರೆ ಮನೆಗೆ ಕಳಿಸುತ್ತಾರಂತೆ. ಇದು ಸಮಾಧಾನಕ್ಕೆ ಬರೆದದ್ದಲ್ಲ, ಡಾಕ್ಟರಮ್ಮ ಹೇಳಿದ್ದು.

ಮೊನ್ನೆ ನನಗೆ ಜ್ವರ ಬಂತು. ಮಗುವನ್ನು ದಿನಾ ಒಂದಷ್ಟು ಹೊತ್ತು ಬರಿ ಎದೆಗೆ ಒರಗಿಸಿಕೊಳ್ಳಬೇಕು. ಹಾಗೆ ಮಾಡಿದರೆ ಮೈ ಬೆಚ್ಚಗಿರುತ್ತದೆ, ಉಸಿರೂ ಸರಿಯಾಗಿ ಓಡುತ್ತದೆ. ನನಗೆ ಆಗುವುದಿಲ್ಲ ಎಂದಾಗ ನರ್ಸಮ್ಮ ನಿಮ್ಮ ಮಗನನ್ನು ಹಿಡಿದರು. "ಅಂಗಿ ಬಿಚ್ಚಿ, ಕೂತ್ಕೊಳ್ಳಿ" ಎಂದರು. ಎದೆಗೆ ಮಗುವನ್ನು ಅಂಟಿಸಿ, ಮೇಲೆ ಬಟ್ಟೆ ಸುತ್ತಿ, "ಒಂದು ಗಂಟೆ ಅಲ್ಲಾಡ್ಬಾರ್ದು" ಎಂದು ಹೇಳಿ ಹೋದರು. ಏಳುವ ಹಾಗಿಲ್ಲ, ಹೊರಗೆ ಹೋಗುವ ಹಾಗಿಲ್ಲ. ಬಸ್ಸು ಬೇರೆಯವರು ತೆಗೆದುಕೊಂಡು ಹೋದರು. ನಾನು ಪಕ್ಕದಲ್ಲೇ ಕುಳಿತೆ. ಏನೂ ಕೇಳಲಿಲ್ಲ. ಕೇಳಿ ಕೇಳಿ ಸಾಕಾಗಿತ್ತು.

ಅವರೇ ಶುರುಮಾಡಿದರು, ಮಗುವಿನ ನೆತ್ತಿ ನೋಡುತ್ತ.

"ಅವಳಿಗೆ ಇವನಿಗಿಂತ ಜಾಸ್ತಿ ಕೂದ್ಲಿತ್ತು."

ನಾನು ಹತ್ತಿರಕ್ಕೆ ಸರಿದು ಕುಳಿತೆ.

"ಕಪ್ಪಗೆ, ಒದ್ದೆ ಒದ್ದೆ. ಹಣೆಗೆ ಅಂಟ್ಕೊಂಡಿತ್ತು. ನಾನು ಹಿಂದಕ್ಕೆ ಸರಿಸ್ದೆ. ಗಲ್ಲ ನಿಂದೇ. ಒಂದು ಕೈ ಮುಷ್ಟಿ ಮಾಡಿದ್ಲು, ಇನ್ನೊಂದು ಬಿಚ್ಚಿತ್ತು. ನರ್ಸು ಬಟ್ಟೇಲಿ ಸುತ್ತಿ ಕೊಟ್ರು. ಯಾರ ಕೈಗೆ ಕೊಡ್ಬೇಕು ಗೊತ್ತಾಗ್ಲಿಲ್ಲ. ಎತ್ಕೊಂಡೇ ನಿಲ್ದಾಣಕ್ಕೆ ಬಂದೆ. ನಮ್ಮ ರೂಟಿನ ಬಸ್ಸೇ ನಿಂತಿತ್ತು. ಹತ್ತಿದೆ. ಕಂಡಕ್ಟರು ನಮ್ಮ ಹುಡುಗನೇ. ಮಲಗಿದಾಳಾ ಅಂದ. ಹೂಂ ಅಂದೆ. ಕಿಟಕಿ ಹಾಕ್ಕೋ, ಗಾಳಿ ಬಡಿಯುತ್ತೆ ಅಂದ. ಹಾಕ್ಕೊಂಡೆ."

ಮಗುವಿನ ಬೆನ್ನ ಮೇಲಿನ ಬಟ್ಟೆಯನ್ನು ಎಳೆದು ಮುಚ್ಚಿದರು.

"ದಾರಿ ಉದ್ದಕ್ಕೂ ಬಟ್ಟೆ ಸರಿಮಾಡ್ತಾ ಬಂದೆ. ಚಳಿ ಆಗ್ಬಾರ್ದು ಅಂತ. ಗೊತ್ತಿದ್ದೂ ಗೊತ್ತಿದ್ದೂ."

"ಇದನ್ನೇನಾ ಹಿತ್ತಲಲ್ಲಿ ಹೇಳಿದ್ದು?" ಎಂದೆ.

"ಅಪ್ಪಂಗೆ ಕೇಳ್ಸಲ್ಲ ಅಂತ ಹೇಳ್ದೆ."

ನೀವು ನಮ್ಮೂರ ನಿಲ್ದಾಣದಲ್ಲಿ ಕಾಯುತ್ತ ನಿಂತಿದ್ದಿರಂತೆ. ಇಳಿದ ತಕ್ಷಣ ನೀವು ಅವಳನ್ನು ಅವರ ಕೈಯಿಂದ ತೆಗೆದುಕೊಂಡಿರಂತೆ. ಅವರು ಅಷ್ಟು ಹೊತ್ತಿಗೆ ಕೈ ಬಿಡಿಸಲೂ ಆಗದ ಹಾಗಿದ್ದರಂತೆ. ನಿಮಗೆ ಕೇಳಿಸದೆ ಹೋದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ, ನೀವೂ ಓದಬೇಕು ಎಂದು.

ಇನ್ನೊಂದು ಸಲ ಹೇಳಿ ಎಂದೆ. "ಎಲ್ಲಿಂದ?" ಎಂದರು. ಕೂದಲಿನಿಂದ ಎಂದೆ. ಹೇಳಿದರು. ಆಮೇಲೆ ಇನ್ನೊಂದು ಸಲ. ಮೂರನೆಯ ಸಲ ಹೇಳುವಾಗ ಗಲ್ಲದ ಹತ್ತಿರ ಬರುವಷ್ಟರಲ್ಲಿ ಇವನು ಎದ್ದು ಕಿರುಚತೊಡಗಿದ. ನರ್ಸಮ್ಮ ಓಡಿ ಬಂದು, ನಾವಿಬ್ಬರೂ ಅಳುತ್ತಿರುವುದನ್ನು ನೋಡಿ, "ಮಗು ಹಸಿದಿದೆ, ಅಪ್ಪ ಅಮ್ಮ ಕೂತು ಅಳ್ತಿದಾರೆ!" ಎಂದು ಗದರಿ ಅವನನ್ನು ನನ್ನ ಮಡಿಲಿಗೆ ಹಾಕಿದರು.

ನಿಮ್ಮ ಸೊಸೆ